ಸೊನ್ನೆಗೊಂದು ತಟ್ಟು

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಮುಚ್ಚಿ ತಲೆಮಾರುಗಳೇ ಕಳೆದಿದ್ದರೂ ಊರಿನವರ ಬಾಯಲ್ಲಿ ಗಿರಣಿ ಎಂಬ ಮಾತು ಸತ್ತಿರಲಿಲ್ಲ. ಅಂಥದೇ ಒಂದು ಹಳೆಯ ಗಿರಣಿಯ ಷೆಡ್ಡುಗಳಲ್ಲಿ ಸರ್ಕಾರ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಯಂತ್ರಗಳನ್ನು ತಂದು ಕೂರಿಸಿ, ಬಾಗಿಲಿಗೆ ಮಾರುದ್ದದ ಹೆಸರು ಬರೆಸಿತು. ಜನ ಆ ಹೆಸರನ್ನು ಒಂದು ಸಲ ಓದಿ, ಎರಡನೇ ಸಲಕ್ಕೆ ಅಂಕಿ ಗಿರಣಿ ಎಂದು ಕರೆದು ಕೈ ತೊಳೆದುಕೊಂಡರು. ನೀಲಾಂಬಿಕೆ ಕೆಲಸ ಮಾಡುತ್ತಿದ್ದುದು ಅಲ್ಲಿಯೇ, ವರ್ಗೀಕರಣದ ಮೇಜಿನಲ್ಲಿ. ಯಂತ್ರ ಉಗುಳಿದ ಉದ್ದುದ್ದ ಸಂಖ್ಯೆಗಳಲ್ಲಿ ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂದು ನೋಡಿ, ಒಂದೊಂದಕ್ಕೂ ಅದರ ಜಾತಿ ಬರೆಯುವುದು ಅವಳ ಕೆಲಸ.

ಹುಟ್ಟಿದ ಪ್ರತಿ ಮಗುವಿಗೂ ಒಂದು ಅವಿಭಾಜ್ಯ ಸಂಖ್ಯೆ ಕೊಡುವ ಪದ್ಧತಿ ಬಂದು ಆಗ ನಲವತ್ತು ವರ್ಷ ದಾಟಿತ್ತು. ಕಳ್ಳರು ಜನರ ಮುಖ, ಬೆರಳು, ದನಿ ಎಲ್ಲವನ್ನೂ ನಕಲು ಮಾಡಲು ಕಲಿತ ಮೇಲೆ, ನಕಲಾಗದೆ ಉಳಿದದ್ದು ತಲೆಯೊಳಗೆ ಇಟ್ಟುಕೊಂಡ ಒಂದು ದೊಡ್ಡ ಸಂಖ್ಯೆ ಮಾತ್ರ. ಅದನ್ನು ಹುಟ್ಟಂಕಿ ಎನ್ನುತ್ತಿದ್ದರು. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ, ಇನ್ನೂರು ಅಂಕಿಗಳಷ್ಟು ಉದ್ದದ ಸಂಖ್ಯೆ. ಗಂಡಹೆಂಡಿರು ತಮ್ಮ ತಮ್ಮ ಅಂಕಿಯನ್ನು ಒಬ್ಬರಿಗೊಬ್ಬರು ತೋರಿಸದೆ ಯಂತ್ರಕ್ಕೆ ಒತ್ತಿದರೆ, ಅದು ಎರಡನ್ನೂ ಗುಣಿಸಿ ಮನೆಯಂಕಿ ಮಾಡಿ ಕೊಡುತ್ತಿತ್ತು. ಗುಣಿಸುವುದು ಜೋಳದ ಹಿಟ್ಟನ್ನೂ ಗೋಧಿ ಹಿಟ್ಟನ್ನೂ ಸೇರಿಸಿ ಕಲಸಿದಷ್ಟು ಸುಲಭ. ಕಲಸಿದ ಮೇಲೆ ಜೋಳದ್ದು ಬೇರೆ, ಗೋಧಿಯದು ಬೇರೆ ಮಾಡಿ ಎಂದರೆ ಭೂಮಿಯ ಮೇಲಿನ ಯಾವ ಯಂತ್ರಕ್ಕೂ ಆಗದು. ಅದಕ್ಕೇ ಮನೆಯಂಕಿಯನ್ನು ತಗಡಿನಲ್ಲಿ ಅಚ್ಚು ಹಾಕಿಸಿ, ಬಾಗಿಲ ಮೇಲೆ ಎಲ್ಲರಿಗೂ ಕಾಣುವಂತೆ ಹೊಡೆಯುತ್ತಿದ್ದರು. ನೋಡಿದರೆ ನೋಡಲಿ, ಒಡೆಯಲು ಯಾರಿಂದಾಗುತ್ತದೆ!

ಜನ ಯಾವುದನ್ನು ತಾನೇ ತಮ್ಮಂತೆ ಮಾಡಿಕೊಳ್ಳುವುದಿಲ್ಲ? ಇಷ್ಟು ದೊಡ್ಡ ಅವಿಭಾಜ್ಯದ ಕೊನೆಯ ಅಂಕಿ ಒಂದು, ಮೂರು, ಏಳು, ಒಂಬತ್ತು ಈ ನಾಲ್ಕರಲ್ಲಿ ಒಂದಾಗಿರಲೇಬೇಕು. ಹೆಣ್ಣು ನೋಡಲು ಬಂದವರು ಹುಟ್ಟಂಕಿ ಕೇಳುವಂತಿರಲಿಲ್ಲ; ಕಡೆಯ ಅಂಕಿ ಯಾವುದು ಎಂದು ಮೆಲ್ಲಗೆ ಕೇಳುತ್ತಿದ್ದರು. ಏಳರವರು ಜಗಳಗಂಟರು, ಒಂಬತ್ತರವರು ಜಿಪುಣರು ಎಂದು ಅಜ್ಜಿಯರು ತೀರ್ಮಾನ ಮಾಡಿ ಆಗಿತ್ತು. ನೀಲಾಳದು ಏಳರಲ್ಲಿ ಮುಗಿಯುತ್ತಿತ್ತು. ಅವಳ ಗಂಡ ಕೊಟ್ರೇಶ ಅದನ್ನು ಹೇಗೋ ತಿಳಿದುಕೊಂಡು, ಅವಳು ಮುಖ ಗಂಟಿಕ್ಕಿದಾಗಲೆಲ್ಲ ಏಳು ಬೆರಳು ಎತ್ತಿ ತೋರಿಸುತ್ತಿದ್ದ. ಅವನೂ ಅದೇ ಗಿರಣಿಯಲ್ಲಿ ತಗಡಿಗೆ ಅಚ್ಚು ಹಾಕುವ ವಿಭಾಗದಲ್ಲಿದ್ದವನು.

ಕೂಸಿಗೆ ಅಂಕಿಯನ್ನು ತಗಡಿನಲ್ಲಿ ಅಚ್ಚು ಹಾಕಿ ಕೊಟ್ಟ ಮೇಲೆ ಅದು ಕೂಸಿನ ನೆನಪಿಗೆ ಇಳಿಯಬೇಕಲ್ಲ, ಅದಕ್ಕೆ ತಾಯಂದಿರು ಕಂಡುಕೊಂಡ ದಾರಿ ಜೋಗುಳ. ಮೂರು, ಎಂಟು, ಒಂದು ಎಂದು ಅಂಕಿಗಳನ್ನೇ ರಾಗವಾಗಿ ಹಾಡುವುದು. ಸೊನ್ನೆಯನ್ನು ಮಾತ್ರ ಹಾಡುತ್ತಿರಲಿಲ್ಲ. ಸೊನ್ನೆ ಬಂದಲ್ಲಿ ದನಿ ನಿಲ್ಲಿಸಿ, ಕೂಸಿನ ಬೆನ್ನಿಗೆ ಮೆಲ್ಲಗೆ ಒಂದು ತಟ್ಟು. ಈ ಪದ್ಧತಿಯನ್ನು ಯಾವ ಕಚೇರಿಯೂ ಕಲಿಸಿದ್ದಲ್ಲ. ಎಲ್ಲಿಂದ ಬಂತೋ, ಎಲ್ಲ ಮನೆಗಳಲ್ಲೂ ಬಂತು.

ನೀಲಾ ಕೂಡ ಒಮ್ಮೆ ಹಾಗೆ ಹಾಡಿದ್ದಳು. ಒಂಬತ್ತು ದಿನ. ಹತ್ತನೆಯ ದಿನ ಬೆಳಗ್ಗೆ ಮಗು ಹಾಲು ಕುಡಿಯಲಿಲ್ಲ.

ಆ ಮಾತನ್ನು ಕಡೆಗೆ ಹೇಳೋಣ. ಕಥೆ ಶುರುವಾಗುವುದು ಕೊಟ್ರೇಶ ಹೋದ ಮೇಲೆ, ಅವನ ದನಿಗೂಡು ತೆರೆಯಲೆಂದು ನೀಲಾ ತಾನು ದಿನಾ ಕೂರುವ ಷೆಡ್ಡಿನಲ್ಲೇ ಹೊರಗಿನವಳಂತೆ ಬೆಂಚಿನ ಮೇಲೆ ಕೂತ ದಿನದಿಂದ.

ದನಿಗೂಡು ಎಂದರೆ ಮನೆಯಂಕಿಯ ಬೀಗ ಹಾಕಿದ ಒಂದು ಸಣ್ಣ ಖಾನೆ, ಗಿರಣಿಯ ಯಂತ್ರದೊಳಗೆ. ಅದರಲ್ಲಿ ಜನ ತಮ್ಮ ದನಿಯನ್ನು, ಹೇಳಬೇಕಾದ ಮಾತನ್ನು ಇಟ್ಟು ಹೋಗುತ್ತಿದ್ದರು. ಕೊಟ್ರೇಶನಿಗೆ ಗಂಟಲಿನ ಕ್ಯಾನ್ಸರ್ ಆಗಿ, ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದು ಡಾಕ್ಟರು ಹೇಳಿದಾಗ, ಆಪರೇಷನ್ನಿಗೆ ಮುಂಚಿನ ಸಂಜೆ ಅವನು ಒಬ್ಬನೇ ಗಿರಣಿಗೆ ಹೋಗಿ ಬಹಳ ಹೊತ್ತು ಆ ಗೂಡಿಗೆ ಮಾತಾಡಿ ಬಂದಿದ್ದ. ಏನು ಮಾತಾಡಿದಿರಿ ಎಂದು ನೀಲಾ ಕೇಳಿದ್ದಳು. ಆಮೇಲೆ ಕೇಳುವೆಯಂತೆ ಎಂದು ನಕ್ಕಿದ್ದ. ಅವನ ಬಾಯಿಂದ ಅವಳು ಕೇಳಿದ ಕೊನೆಯ ಮಾತುಗಳಲ್ಲಿ ಅದೊಂದು. ಅದಾದ ಮೇಲೆ ಎರಡು ವರ್ಷ ಬದುಕಿದ್ದ, ಸ್ಲೇಟಿನ ಮೇಲೆ ಬರೆಯುತ್ತ. ಸತ್ತ ಮೇಲೆ ಪದ್ಧತಿಯಂತೆ ಅವನ ಹುಟ್ಟಂಕಿಯ ತಗಡು ಅವನ ಜೊತೆಗೇ ಮಣ್ಣಿಗೆ ಹೋಯಿತು.

ಗೂಡು ತೆರೆಯುವುದು ಕಷ್ಟದ ಕೆಲಸವಲ್ಲ. ಮನೆಯಂಕಿಯನ್ನು ಉಳಿದವರ ಹುಟ್ಟಂಕಿಯಿಂದ ಭಾಗಿಸಿದರೆ ಹೋದವರ ಅಂಕಿ ಹೊರಗೆ ಬರುತ್ತದೆ. ಬದುಕಿರುವಾಗ ಹಾಗೆ ಭಾಗಿಸಿ ನೋಡುವುದು ಸಲ್ಲದು; ಗಂಡನ ಅಂಕಿಯನ್ನು ಹೆಂಡತಿ ಮೊದಲ ಸಲ ನೋಡುವುದು ಅವತ್ತೇ. ಎರಡೂ ಅವಿಭಾಜ್ಯಗಳನ್ನು ಬೀಗಕ್ಕೆ ಕೊಟ್ಟರೆ ಗೂಡು ತೆರೆದುಕೊಳ್ಳುತ್ತದೆ. ಆಮೇಲೆ ಆ ಮನೆಯಂಕಿಯ ಬಾಳು ಮುಗಿಯಿತು. ಒಡೆದ ಚೂರುಗಳು ಗಿರಣಿಯ ಹೊರಗೋಡೆಯ ದೊಡ್ಡ ಪರದೆಯ ಮೇಲೆ ಒಂದು ದಿನ ಬೆಳಗುತ್ತವೆ. ಅಂಕಿ, ಪಕ್ಕದಲ್ಲಿ ಹೆಸರು, ಅದರ ಪಕ್ಕದಲ್ಲಿ ರದ್ದು ಎಂಬ ಪದ. ಅದಕ್ಕೆ ಬಯಲುಗೋಡೆ ಎಂದು ಹೆಸರು. ಎಲ್ಲರಿಗೂ ಗೊತ್ತಾದ ಅಂಕಿ ಇನ್ನು ಯಾರಿಗೂ ಬೀಗವಾಗಲಾರದು. ಉಳಿದವರಿಗೆ ಗಿರಣಿ ಹೊಸದೊಂದು ಕೊಡುತ್ತದೆ.

ನೀಲಾ ತನ್ನ ಅಂಕಿಯನ್ನು ಒತ್ತಿದಳು. ಮೇಲಧಿಕಾರಿ ರುದ್ರಮುನಿಯವರು ಪರದೆ ನೋಡುತ್ತ ನಿಂತಿದ್ದವರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯಂತ್ರವನ್ನು ಇನ್ನೊಂದು ಸಲ ನಡೆಸಿದರು, ಮತ್ತೊಂದು ಸಲ ನಡೆಸಿದರು. ಕೊನೆಗೆ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಬಂದು ಕೂತರು.

"ನೋಡ್ರಿ ಮೇಡಮ್, ನಿಮ್ಮ ಯಜಮಾನ್ರ ಪಾಲು ಅವಿಭಾಜ್ಯ ಅಲ್ಲ," ಎಂದರು. "ಒಡೀತೈತೆ. ಅದರೊಳಗೆ ಇನ್ನೊಬ್ಬರು ಇದಾರೆ."

ಇದರ ಅರ್ಥವನ್ನು ನೀಲಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ನೋಡುವ ಪರೀಕ್ಷೆ ಕುಂಬಾರನ ಅಂಗಡಿಯಲ್ಲಿ ಮಡಕೆ ಬಾರಿಸಿ ನೋಡಿದ ಹಾಗೆ. ಬೆರಳಿನಿಂದ ಬಾರಿಸಿದರೆ ಸದ್ದಿನಲ್ಲೇ ಬಿರುಕು ಗೊತ್ತಾಗುತ್ತದೆ. ಬಿರುಕು ಎಲ್ಲಿದೆ ಎಂದು ಆ ಸದ್ದು ಹೇಳುವುದಿಲ್ಲ. ಕೊಟ್ರೇಶನ ಪಾಲಿನ ಸಂಖ್ಯೆ ಎರಡು ಅವಿಭಾಜ್ಯಗಳ ಗುಣಲಬ್ಧ. ಒಂದು ಅವನದು. ಇನ್ನೊಂದು ಯಾರದು ಎಂದು ತಿಳಿಯಲು ದಾರಿಯೇ ಇಲ್ಲ. ಬೀಗಕ್ಕೆ ಮೂರೂ ಬಿಡಿ ಬಿಡಿಯಾಗಿ ಬೇಕು. ಮೂರು ತಿಂಗಳೊಳಗೆ ಆ ಮೂರನೆಯವರು ಬರದಿದ್ದರೆ, ಒಡೆಯರು ಯಾರೆಂದು ತಿಳಿಯದ ಗೂಡು ಎಂದು ನಿಯಮದ ಪ್ರಕಾರ ಅಳಿಸಿಬಿಡುತ್ತಾರೆ.

ಗಿರಣಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಅವಳು ಹೋದಲ್ಲೆಲ್ಲ ಮಾತು ನಿಲ್ಲತೊಡಗಿತು. ಒಬ್ಬ ಗಂಡಸಿನ ಅಂಕಿಯೊಳಗೆ ಹೆಂಡತಿಗೆ ಗೊತ್ತಿಲ್ಲದ ಇನ್ನೊಂದು ಅಂಕಿ ಸಿಕ್ಕಿದರೆ ಜನ ಏನೆಂದುಕೊಳ್ಳುತ್ತಾರೋ ಅದನ್ನೇ ಅಂದುಕೊಂಡರು. ನೀಲಾಳೂ ಅದನ್ನೇ ಅಂದುಕೊಂಡಳು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಬದುಕುವುದು ಎಷ್ಟು ದಂಡದ ಕೆಲಸ. ಬೈದರೆ ತಿರುಗಿ ಅನ್ನುವವರಿಲ್ಲ.

ಮನೆ ಇದ್ದುದು ಮಂಡಕ್ಕಿ ಬಟ್ಟಿಗಳ ಬೀದಿಯಲ್ಲಿ. ಬೀದಿಗೆಲ್ಲ ಹುರಿದ ಅಕ್ಕಿಯ ವಾಸನೆ. ಅತ್ತೆ ಹಾಲಮ್ಮ ಹೊಸ್ತಿಲ ಮೇಲೆ ಕೂತು ಸೊಸೆಯ ದಾರಿ ಕಾಯುತ್ತಿದ್ದಳು. ಮಗನ ದನಿಯನ್ನು ಎಂದು ಕೇಳಿಸುತ್ತೀರಿ ಎಂದು ಬೆಳಗ್ಗೆಯಿಂದ ಮೂರು ಮನೆಯವರಿಂದ ಗಿರಣಿಗೆ ಫೋನು ಮಾಡಿಸಿದ್ದಳಂತೆ. ಗೂಡು ತೆರೆಯಲಿಲ್ಲ ಎಂದಷ್ಟೇ ಹೇಳಿ ನೀಲಾ ಒಳಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಬಾಯಿ ತಡೆಯದೆ ಎಲ್ಲವನ್ನೂ ಹೇಳಿದಳು. ನಿಮ್ಮ ಮಗ ಇನ್ನೊಂದು ಮನೆ ಮಾಡಿಕೊಂಡಿದ್ದಿರಬೇಕು ಎಂದೂ ಹೇಳಿದಳು. ಹಾಲಮ್ಮ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿಯುತ್ತಲೇ ಇದ್ದಳು, ತಿನ್ನಲಿಲ್ಲ. ನನ್ನ ಮಗ ಅಂಥವನಲ್ಲ ಎಂದು ಅವಳು ಜಗಳಕ್ಕೆ ಬಂದಿದ್ದರೆ ನೀಲಾಳಿಗೆ ಸಮಾಧಾನವಾಗುತ್ತಿತ್ತೇನೋ. ಅವಳು ಬರಲಿಲ್ಲ.

ಕೊಟ್ರೇಶನ ಮೇಲೆ ನೀಲಾಳಿಗಿದ್ದ ಸಿಟ್ಟು ಇವತ್ತಿನದಲ್ಲ. ಅದರ ಬೇರು ಏಳು ವರ್ಷದ ಹಿಂದೆ ಇತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆ ತೀರಿಕೊಂಡ ಕೂಸಿನ ಹುಟ್ಟಂಕಿಯನ್ನು ಗಿರಣಿಗೆ ಹಿಂದಿರುಗಿಸಬೇಕೆಂಬುದು ನಿಯಮ. ಒಡೆಯರಿಲ್ಲದ ಅಂಕಿ ಹೊರಗಿದ್ದರೆ ಕಳ್ಳರ ಪಾಲಾಗುತ್ತದಂತೆ. ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ ಎನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟು ಅಪಾರದಲ್ಲಿ ಒಂದನ್ನು ಒಂದು ಹಸುಗೂಸಿಗೆ ಬಿಟ್ಟುಕೊಡಲು ಕಚೇರಿಗೆ ಮನಸ್ಸು ಬಾರದು. ಅಂಥ ಅಂಕಿಯೂ ಬಯಲುಗೋಡೆಗೆ ಹೋಗುತ್ತಿತ್ತು. ಹೆಸರಿನ ಜಾಗದಲ್ಲಿ ಒಂದು ಗೆರೆ, ಪಕ್ಕದಲ್ಲಿ ರದ್ದು.

ಮಗುವನ್ನು ಮಣ್ಣು ಮಾಡಿ ಬಂದ ಮರುದಿನ ಕೊಟ್ರೇಶ ತಗಡು ತೆಗೆದುಕೊಂಡು ಗಿರಣಿಗೆ ಹೋದ. ಮಧ್ಯಾಹ್ನ ಬರಿಗೈಯಲ್ಲಿ ವಾಪಸು ಬಂದ. ಕೊಟ್ಟು ಬಂದಿರಾ ಎಂದು ನೀಲಾ ಕೇಳಿದಾಗ ತಲೆಯಾಡಿಸಿದ. ಆಮೇಲೆ ಕೈಕಾಲು ತೊಳೆದು ಊಟಕ್ಕೆ ಕೂತ. ಅನ್ನ, ಸಾರು, ಮೊಸರು. ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡ. ಮಗುವಿಗೆ ಉಳಿದಿದ್ದ ಒಂದೇ ಗುರುತನ್ನು ರದ್ದು ಮಾಡಿಸಿ ಬಂದು ಎರಡನೆಯ ಸಲ ಅನ್ನ ಹಾಕಿಸಿಕೊಂಡ ಆ ಗಂಡಸನ್ನು ಅವಳು ಬಾಗಿಲ ಸಂದಿಯಿಂದ ನೋಡಿದಳು. ಅವತ್ತು ಅವಳು ಒಂದೇ ಮಾತು ಹೇಳಿದಳು, ಇನ್ನು ಈ ಮನೆಯಲ್ಲಿ ಆ ಮಗುವಿನ ಮಾತು ಬೇಡ ಎಂದು. ಮಾತು ನಿಂತಿತು. ಬಯಲುಗೋಡೆಯ ಕಡೆ ಅವಳು ಆ ವಾರವಿಡೀ ಕಣ್ಣೆತ್ತಲಿಲ್ಲ. ಏಳು ವರ್ಷ ಒಂದೇ ಚಾಪೆಯ ಮೇಲೆ ಮಲಗಿದರು, ನಕ್ಕರು, ಅವನ ಕಾಯಿಲೆಯಲ್ಲಿ ಅವಳು ಅವನ ಮಲಮೂತ್ರ ಬಳಿದಳು. ಆ ಎರಡನೆಯ ಸೌಟು ಅನ್ನವನ್ನು ಮಾತ್ರ ಕ್ಷಮಿಸಲಿಲ್ಲ.

ಕೊನೆಯ ತಿಂಗಳುಗಳಲ್ಲಿ ಸ್ಲೇಟು ಹಿಡಿಯಲೂ ಅವನಿಗೆ ಶಕ್ತಿಯಿರಲಿಲ್ಲ. ಆಗ ಅವನದೊಂದು ರೂಢಿಯಾಗಿತ್ತು. ಪಕ್ಕದಲ್ಲಿ ಕೂತವಳ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟುವುದು. ಒಮ್ಮೆ ತಟ್ಟಿ ಬಹಳ ಹೊತ್ತು ಸುಮ್ಮನಿದ್ದು ಮತ್ತೊಮ್ಮೆ. ಕೆಲವು ಸಲ ಬೆನ್ನುಬೆನ್ನಿಗೆ ಎರಡು. ತುಟಿಗಳು ಸುಮ್ಮನೆ ಅಲುಗುತ್ತಿದ್ದವು. ಬಾಯಾರಿರಬೇಕು ಎಂದು ಅವಳು ನೀರಿನ ಲೋಟ ಹಿಡಿಯುತ್ತಿದ್ದಳು. ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, ನೀರು ಕುಡಿದುಬಿಡುತ್ತಿದ್ದ.

ಗಡುವಿನ ಅರ್ಧ ಕಳೆದಾಗ ರುದ್ರಮುನಿಯವರು ಅವಳನ್ನು ಒಳಗೆ ಕರೆದರು. ಮನುಷ್ಯ ಒಳ್ಳೆಯವರು, ಕಷ್ಟದ ಮಾತನ್ನು ಸುತ್ತಿ ಬಳಸಿ ಆಡಿ ಇನ್ನೂ ಕಷ್ಟ ಮಾಡುತ್ತಿದ್ದರು ಅಷ್ಟೆ. ಹವೆ, ಸೆಖೆ, ಮಂಡಕ್ಕಿಯ ರೇಟು ಎಲ್ಲ ಆದ ಮೇಲೆ ವಿಷಯಕ್ಕೆ ಬಂದರು. ನಿಮ್ಮ ಈಗಿನ ಮನೆಯಂಕಿ ಮದುವೆಯಲ್ಲಿ ಮಾಡಿಸಿದ್ದಲ್ಲ, ಆಮೇಲೆ ಬದಲಾಯಿಸಿದ್ದು, ಉದ್ದವೂ ಹೆಚ್ಚು. ಆಗಲೇ ಯಾಕೆ ಅನುಮಾನ ಬರಲಿಲ್ಲ ಎಂದರು. ಗಿರಣಿಯವರು ತಮ್ಮ ಅಂಕಿಯನ್ನು ಉದ್ದ ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ವಾಡಿಕೆ, ತನ್ನ ಗಂಡನೂ ಹಾಗೇ ಹೇಳಿದ್ದ ಎಂದಳು ನೀಲಾ. ತನಗೆ ಆಗ ಮೈಮೇಲೆ ಎಚ್ಚರವಿರಲಿಲ್ಲ, ಅವನು ಕರೆದುಕೊಂಡು ಬಂದ, ಒತ್ತು ಎಂದಾಗ ಒತ್ತಿದೆ ಎಂದಳು.

"ಯಾವಾಗ ಬದಲಾಯಿಸಿದ್ದು ಅಂತ ಇದೆ ಸರ್?"

ಅವರು ಪರದೆಯಲ್ಲಿ ನೋಡಿ ತಾರೀಖು, ತಿಂಗಳು, ವರ್ಷ ಹೇಳಿದರು. ಮಗುವನ್ನು ಮಣ್ಣು ಮಾಡಿದ ವಾರ ಅದು.

ಅವಳು ತನ್ನ ಮೇಜಿಗೆ ವಾಪಸು ಬಂದು ಕೂತಳು. ಎದುರಿಗೆ ಹೊಸ ಸಂಖ್ಯೆಗಳ ಸಾಲು ಕಾಯುತ್ತಿತ್ತು. ಅವಳಿಗೆ ಒಂದೂ ಕಾಣಲಿಲ್ಲ. ತಗಡಿಗೆ ಅಚ್ಚು ಹಾಕುವವನು ಅವನೇ. ಗಿರಣಿಯಲ್ಲಿ ಹುಡುಕಿದ ಅವಿಭಾಜ್ಯಗಳಿಗೇನು ಬರ? ಇನ್ನೂ ಯಾರಿಗೂ ಕೊಡದ ಒಂದನ್ನು ತೆಗೆದು, ಮಗುವಿನ ತಗಡೆಂದು ಬೇರೆ ತಗಡು ಅಚ್ಚು ಹಾಕಿ ಒಪ್ಪಿಸಿದ್ದರೆ ಯಾರಿಗೆ ತಿಳಿಯುತ್ತಿತ್ತು? ಕೂಸಿನ ನಿಜವಾದ ಅಂಕಿ ತಾಯಿತಂದೆಯರನ್ನು ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಆ ವಾರ ಬಯಲುಗೋಡೆಯ ಮೇಲೆ ಗೆರೆಯ ಪಕ್ಕದಲ್ಲಿ ರದ್ದಾದದ್ದು ಯಾರದೂ ಅಲ್ಲದ ಒಂದು ಅಂಕಿ. ಮನೆಯಂಕಿ ಮಾಡುವ ಯಂತ್ರ ಒಳಗೆ ಹೋದದ್ದು ಅವಿಭಾಜ್ಯವೋ ಅಲ್ಲವೋ ಎಂದು ನೋಡುವುದಿಲ್ಲ; ನೋಡಬಾರದೆಂಬುದೇ ಅದರ ಧರ್ಮ. ಅವನು ತನ್ನದನ್ನೂ ಮಗುವಿನದನ್ನೂ ಗುಣಿಸಿ ಒತ್ತಿದ್ದ.

ಹೀಗೆಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಲೆಕ್ಕವಲ್ಲ. ಲೆಕ್ಕವಾಗಬೇಕಾದರೆ ಮಗುವಿನ ಅಂಕಿ ಬೇಕು. ಅದರಿಂದ ಕೊಟ್ರೇಶನ ಪಾಲನ್ನು ಭಾಗಿಸಿದಾಗ ಶೇಷ ಸೊನ್ನೆ ಬರಬೇಕು. ಆಗ ಮೂರೂ ಅಂಕಿಗಳು ಕೈಗೆ ಸಿಗುತ್ತವೆ, ಗೂಡು ತೆರೆಯುತ್ತದೆ, ಅವನ ದನಿ ಕೇಳುತ್ತದೆ.

ಆ ಅಂಕಿಯನ್ನು ನೆನೆಯಬಾರದೆಂದು ಏಳು ವರ್ಷ ಹಟ ಹಿಡಿದವಳು ಈಗ ಅದನ್ನು ಹುಡುಕಲು ಕೂತಳು. ಆಶ್ಚರ್ಯವೆಂದರೆ, ಅದು ಅಲ್ಲೇ ಇತ್ತು. ಮೊದಲ ಸಾಲು ಬಂತು, ಅದರ ಬಾಲ ಹಿಡಿದು ಎರಡನೆಯದು ಬಂತು. ಬಚ್ಚಲಲ್ಲಿ, ದಾರಿಯಲ್ಲಿ, ಬಸ್ಸಿನ ಗದ್ದಲದಲ್ಲಿ ತುಟಿ ಅಲುಗಿಸುತ್ತ ಹಾಡಿಕೊಂಡಳು. ಕೆಲವೇ ದಿನಗಳಲ್ಲಿ ಜೋಗುಳ ಪೂರ್ತಿ ಬಾಯಿಗೆ ಬಂತು. ಗಣಕದಲ್ಲಿ ಒತ್ತಿ ಭಾಗಿಸಿದಳು. ಶೇಷವಾಗಿ ಬಂದದ್ದು ತಲೆಬುಡವಿಲ್ಲದ ಉದ್ದನೆಯ ಅಂಕಿಗಳ ರಾಶಿ. ಭಾಗಾಕಾರದಲ್ಲಿ ಹತ್ತಿರ ಬಂದೆ ಎನ್ನುವ ಮಾತಿಲ್ಲ. ಒಂದು ಅಂಕಿ ತಪ್ಪಿದರೂ ಒಂದೇ, ನೂರು ತಪ್ಪಿದರೂ ಒಂದೇ. ಮಗುವಿನ ಅಂಕಿ ಇದಲ್ಲವೋ, ತನ್ನ ಊಹೆಯೇ ತಪ್ಪೋ, ಮೂರನೆಯದು ಯಾರೋ ಹೆಂಗಸಿನದೇ ಹೌದೋ, ಆ ರಾಶಿ ಏನನ್ನೂ ಹೇಳಲಿಲ್ಲ.

ಅಂಕಿಗಳನ್ನು ಎಣಿಸಿದಾಗ ತಪ್ಪು ಎಲ್ಲಿದೆಯೆಂದು ತಿಳಿಯಿತು. ಇನ್ನೂರು ಇರಬೇಕಾದಲ್ಲಿ ಇಪ್ಪತ್ತೊಂದು ಕಡಿಮೆ. ಅವಳು ಹಾಡಿದ್ದು ಹಾಡುವ ಅಂಕಿಗಳನ್ನು. ಸೊನ್ನೆಗಳು ಬಿಟ್ಟುಹೋಗಿದ್ದವು. ಹಾಡು ನೆನಪಿತ್ತು, ತಟ್ಟು ನೆನಪಿರಲಿಲ್ಲ. ಎಲ್ಲೆಲ್ಲಿ ಸೊನ್ನೆ ತುಂಬಬಹುದೋ ಅಲ್ಲೆಲ್ಲ ತುಂಬಿ ನೋಡು ಎಂದು ಯಂತ್ರಕ್ಕೆ ಬಿಡೋಣವೆಂದರೆ, ಅದು ಸವೆದು ಮಣ್ಣಾದರೂ ಮುಗಿಯದಷ್ಟು ಬಗೆಗಳಿದ್ದವು.

ಗಡುವು ಮುಗಿಯಲು ಒಂದು ವಾರವಿತ್ತು. ಭಾನುವಾರ ಮಧ್ಯಾಹ್ನ ನೀಲಾ ಅಡುಗೆಮನೆಯಲ್ಲಿ ಗಣಕ ಮುಂದಿಟ್ಟುಕೊಂಡು, ಮೆಲ್ಲಗೆ ಹಾಡುತ್ತ, ಎಲ್ಲಿ ಉಸಿರು ನಿಲ್ಲುತ್ತದೆಂದು ಹುಡುಕುತ್ತಿದ್ದಳು. ಹಾಲಮ್ಮ ಬಾಗಿಲಲ್ಲಿ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಮುದುಕಿ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು.

"ಅದು ನಮ್ಮ ಕೂಸಿನ ಹಾಡಲ್ಲೇನು, ನೀಲವ್ವ?"

ಏಳು ವರ್ಷದ ಮೇಲೆ ಆ ಮನೆಯಲ್ಲಿ ಕೂಸು ಎಂಬ ಮಾತು ಬಂತು. ನೀಲಾ ಮುಚ್ಚಿಡಲಿಲ್ಲ. ತನ್ನ ಊಹೆಯನ್ನೂ, ತಟ್ಟುಗಳು ಕಳೆದುಹೋದದ್ದನ್ನೂ ಹೇಳಿದಳು. ಅತ್ತೆಗೆ ಲೆಕ್ಕ ಎಷ್ಟು ತಿಳಿಯಿತೋ, ಮಗನಿಗೆ ಬೇರೆ ಮನೆಯಿರಲಿಲ್ಲ ಎಂಬುದು ತಿಳಿಯಿತು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನಿಮಗಾದರೂ ತಟ್ಟು ನೆನಪಿದೆಯೇ ಎಂದು ನೀಲಾ ಕೇಳಿದ್ದಕ್ಕೆ, ಕೂಸು ಇದ್ದದ್ದು ನಿನ್ನ ಮಡಿಲಲ್ಲಿ, ನನಗೆಲ್ಲಿಂದ ನೆನಪಿರಬೇಕು ಎಂದಳು. ಆಮೇಲೆ ಎದ್ದು ಹೋಗಿ ಟ್ರಂಕಿನಿಂದ ತನ್ನ ಹಳೆಯ ನೂಲಿನ ಸೀರೆಯೊಂದನ್ನು ತಂದಳು. ಅದನ್ನು ಉದ್ದಕ್ಕೆ ಮಡಿಸಿ, ಸುತ್ತಿ, ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಮಾಡಿ, ಸೊಸೆಯ ಎಡಗೈಯೊಳಗೆ ಇಟ್ಟಳು.

"ನೀನು ಬಾಯಾಗೆ ಹುಡುಕ್ತಿದೀಯ. ಅದು ಕೈಯಾಗೆ ಐತೆ. ತಟ್ಟು."

ಬೇಡ ಅತ್ತೆ, ಆಗುವುದಿಲ್ಲ ಎಂದಳು ನೀಲಾ. ಆಗುತ್ತದೆ ಎಂದು ಹಾಲಮ್ಮ ಅವಳ ಬಲಗೈಯನ್ನು ಹಿಡಿದು ಆ ಬಟ್ಟೆಯ ಮೇಲಿಟ್ಟಳು.

ಅವಳು ಕಣ್ಣು ಮುಚ್ಚಿ ಹಾಡಿದಳು. ಮೊದಲ ಸಾಲಿನ ನಡುವೆ, ತಾನು ಅಂದುಕೊಳ್ಳುವ ಮುಂಚೆ, ಕೈ ತಟ್ಟಿತು. ದನಿ ತಾನಾಗಿ ನಿಂತು ದಾರಿ ಬಿಟ್ಟಿತು. ಮೂರನೆಯ ಸಾಲಿನ ಕೊನೆಗೆ ಒಂದು. ಆಮೇಲೆ ಬಹಳ ಹೊತ್ತು ಇಲ್ಲ. ಆಮೇಲೆ ಬೆನ್ನುಬೆನ್ನಿಗೆ ಎರಡು. ಹಾಲಮ್ಮ ಎದುರಿಗೆ ಕೂತು, ತಟ್ಟು ಬಿದ್ದಲ್ಲೆಲ್ಲ ಒಂದೊಂದು ಕಡಲೆಕಾಳನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

ಎರಡು ತಟ್ಟು ಒಟ್ಟಿಗೆ ಬಿದ್ದ ಕಡೆ ನೀಲಾಳ ಹಾಡು ನಿಂತಿತು. ಕಣ್ಣು ಬಿಟ್ಟು ತನ್ನ ಕೈ ನೋಡಿಕೊಂಡಳು. ಈ ತಟ್ಟು ಅವಳಿಗೆ ಗೊತ್ತಿತ್ತು. ಏಳು ವರ್ಷದ ಹಿಂದಿನದಾಗಿ ಅಲ್ಲ, ಈಗ ಮೊನ್ನೆ ಮೊನ್ನೆಯದಾಗಿ. ಅವಳ ಮಣಿಕಟ್ಟಿಗೆ ಗೊತ್ತಿತ್ತು. ಒಮ್ಮೆ ತಟ್ಟಿ ಬಹಳ ಹೊತ್ತು ಸುಮ್ಮನೆ, ಆಮೇಲೆ ಎರಡು. ತುಟಿ ಅಲುಗುತ್ತಿತ್ತು. ದನಿಯಿಲ್ಲದವನು ಜೋಗುಳ ಹಾಡಿದರೆ ಕೇಳಿಸುವುದು ಸೊನ್ನೆಗಳು ಮಾತ್ರ. ಅವನು ಹಾಡುತ್ತಿದ್ದ. ದಿನಾ ಹಾಡುತ್ತಿದ್ದ. ಆ ಮಗುವಿನ ಮಾತು ಬೇಡ ಎಂದಿದ್ದಳಲ್ಲ, ಮಾತಾಡದೆ ಹೇಳುತ್ತಿದ್ದ. ಅವಳು ನೀರು ಕೊಟ್ಟಿದ್ದಳು.

ಹಾಲಮ್ಮ ಸೆರಗಿನ ಕಾಳುಗಳನ್ನು ಡಬ್ಬಿಗೆ ವಾಪಸು ಸುರಿದಳು. ಸೊಸೆಯ ಅಳು ನಿಂತ ಮೇಲೆ, ಮೊದಲಿನಿಂದ ಹಾಡು ಎಂದಳು.

ಸೆರಗಿನಲ್ಲಿ ಇಪ್ಪತ್ತೊಂದು ಕಾಳು ಬಿದ್ದವು. ನೀಲಾ ಮತ್ತೊಮ್ಮೆ ಸಾಲು ಸಾಲಾಗಿ ಹಾಡಿಕೊಂಡು, ತಟ್ಟು ಬಿದ್ದಲ್ಲಿ ಸೊನ್ನೆ ಒತ್ತಿ, ಭಾಗಿಸಲು ಬಿಟ್ಟಳು. ಗಣಕಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಪರದೆಯ ಕೆಳಗೆ ಶೇಷ ಎಂದಿದ್ದ ಜಾಗದಲ್ಲಿ ಒಂದೇ ಒಂದು ಸೊನ್ನೆ ನಿಂತಿತ್ತು. ಅದರ ಮೇಲೆ ಭಾಗಲಬ್ಧವಾಗಿ ಬಂದದ್ದು ಅವಳು ಎಂದೂ ನೋಡಿರದ ಕೊಟ್ರೇಶನ ಹುಟ್ಟಂಕಿ. ಅದೂ ಏಳರಲ್ಲೇ ಮುಗಿಯುತ್ತಿತ್ತು. ಅವಳಿಗೆ ಏಳು ಬೆರಳು ತೋರಿಸಿ ನಗುತ್ತಿದ್ದವನು ಇದನ್ನು ಮಾತ್ರ ಬಾಯಿಬಿಟ್ಟಿರಲಿಲ್ಲ.

ಆಗ ಆ ಎರಡನೆಯ ಸೌಟು ಅನ್ನ ಅವಳಿಗೆ ಅರ್ಥವಾಯಿತು. ಅವತ್ತು ಅವನು ಮಗುವನ್ನು ಕೊಟ್ಟು ಬಂದವನಾಗಿರಲಿಲ್ಲ, ಉಳಿಸಿಕೊಂಡು ಬಂದವನಾಗಿದ್ದ. ಅದಕ್ಕೇ ಅವನಿಗೆ ಹಸಿವಾಗಿತ್ತು.

ಸಂಜೆ ಅತ್ತೆ ಸೊಸೆ ಹೊಸ್ತಿಲ ಮೇಲೆ ಕೂತರು. ತಲೆಯ ಮೇಲೆ ಬಾಗಿಲಿಗೆ ಹೊಡೆದ ಮನೆಯಂಕಿಯ ತಗಡು. ನಾಳೆ ಮೂರು ಅಂಕಿ ಒತ್ತಿದರೆ ಕೊಟ್ರೇಶನ ದನಿ ಕೇಳುತ್ತದೆ ಎಂದು ನೀಲಾ ಹೇಳಿದಳು. ಆಮೇಲೆ, ಹೇಳಲೇಬೇಕಾದ ಇನ್ನೊಂದನ್ನೂ ಹೇಳಿದಳು. ಗೂಡು ತೆರೆದರೆ ಮೂರೂ ಬಯಲುಗೋಡೆಗೆ ಹೋಗುತ್ತವೆ. ಅವನದರ ಪಕ್ಕದಲ್ಲಿ ಅವನ ಹೆಸರಿರುತ್ತದೆ. ಮಗುವಿನದರ ಪಕ್ಕದಲ್ಲಿ ಗೆರೆ, ರದ್ದು. ಅವನು ಯಾವುದನ್ನು ತಪ್ಪಿಸಲು ಕಳ್ಳತನ ಮಾಡಿದನೋ ಅದು ತನ್ನ ಕೈಯಿಂದಲೇ ಆಗುತ್ತದೆ. ತೆರೆಯದೆ ಬಿಟ್ಟರೆ ದನಿ ಅಳಿಸಿಹೋಗುತ್ತದೆ, ಆದರೆ ಮನೆಯಂಕಿಯನ್ನು ಯಾರೂ ಮುಟ್ಟುವುದಿಲ್ಲ. ಒಡೆಯದ ಸಂಖ್ಯೆಗಳನ್ನು ಗಿರಣಿ ಇಡಿಯಾಗಿ ಹಾಗೇ ಇಟ್ಟುಕೊಳ್ಳುತ್ತದೆ, ಎಂದೆಂದಿಗೂ. ಅದರೊಳಗೆ ಅವನು, ಮಗು, ತಾನು ಮೂವರೂ ಇರುತ್ತಾರೆ. ಮೂವರನ್ನು ಬೇರೆ ಮಾಡಲು ಯಾವ ಯಂತ್ರಕ್ಕೂ ಆಗುವುದಿಲ್ಲ.

"ನಿಮ್ಮ ಮಗನ ದನಿ ಅತ್ತೆ. ನೀವು ಹೇಳಿದ ಹಾಗೆ ಮಾಡ್ತೀನಿ. ಕೇಳ್ಬೇಕು ಅನ್ಸುತ್ತಲ್ಲ ನಿಮಗೆ?"

"ಅನ್ಸುತ್ತವ್ವ. ಸಾಯೋತನಕ ಅನ್ಸುತ್ತೆ." ಹಾಲಮ್ಮ ಸೆರಗಿನ ಕಡಲೆಕಾಳುಗಳನ್ನು ಅಂಗೈಗೆ ಸುರಿದುಕೊಂಡು ಬಹಳ ಹೊತ್ತು ನೋಡಿದಳು. "ಅವನಿಗೆ ಹೆಸರಿತ್ತು, ಹೆಂಡ್ತಿ ಇದ್ಲು, ಊರೆಲ್ಲ ಗೆಳೆಯರಿದ್ರು. ಕೂಸಿಗೆ ಹೆಸರೂ ಇಡ್ಲಿಲ್ಲ ನಾವು. ಇರೋದು ಅದೊಂದೇ."

ಬಟ್ಟಿಯವರು ಒಲೆ ಆರಿಸಿ ಮನೆಗೆ ಹೊರಟಿದ್ದರು.

ಗಡುವಿನ ದಿನ ರುದ್ರಮುನಿಯವರು ತಾವೇ ಅವಳ ಮೇಜಿಗೆ ಬಂದರು. ಏನಾದರೂ ಸುಳಿವು ಸಿಕ್ಕಿತೇ ಎಂದು ಕೇಳಿದರು. ಇಲ್ಲ ಎಂದಳು. ಹೋಗಲಿ ಬಿಡ್ರಿ, ಸತ್ತವರ ವಿಷಯ ಕೆದಕಬಾರದು ಎಂದರು; ಅವರ ಮನಸ್ಸಿನಲ್ಲಿ ಕೊಟ್ರೇಶನ ಬಗ್ಗೆ ಏನಿದೆಯೆಂದು ಅವಳಿಗೆ ಕಾಣುತ್ತಿತ್ತು. ಆ ಕಲೆ ಇನ್ನು ಅವನ ಹೆಸರಿನ ಮೇಲೆ ಉಳಿದೇ ಉಳಿಯುತ್ತದೆ, ಗಿರಣಿಯ ಮಂದಿ ಬುತ್ತಿ ಬಿಚ್ಚಿದಾಗಲೆಲ್ಲ ಅದನ್ನು ಆಡಿಕೊಳ್ಳುತ್ತಾರೆ. ಅದನ್ನು ಅಳಿಸುವ ಮಾತು ಅವಳ ಬಾಯಲ್ಲಿತ್ತು. ಅವಳು ಅದನ್ನು ನುಂಗಿಕೊಂಡಳು.

ಒಡೆಯದೆ ಉಳಿದ ಆ ಮನೆಯಂಕಿ ಅವಳ ಪರದೆಗೇ ಬಂತು, ವರ್ಗ ಬರೆಯಬೇಕಾದವಳು ಅವಳೇ. ಕೆಲಸಕ್ಕೆ ಸೇರಿದಾಗಿನಿಂದ ಒಂದು ಸಂಖ್ಯೆಯ ಬಗ್ಗೆಯೂ ಸುಳ್ಳು ಬರೆದವಳಲ್ಲ. ಸಂಯುಕ್ತ ಎಂದು ಬರೆದಳು, ಅದು ನಿಜ. ಅಪವರ್ತನಗಳು ತಿಳಿದಿಲ್ಲ ಎಂದು ಬರೆದಳು.

ಗೂಡುಗಳ ಫಲಕದಲ್ಲಿ ಅವರ ಮನೆಯ ಪುಟ್ಟ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಅದರೊಳಗೆ ಅವನ ಇಡೀ ಸಂಜೆಯ ಮಾತಿತ್ತು; ಅವಳ ಹೆಸರು ಎಷ್ಟು ಸಲ ಬಂದಿತ್ತೋ, ನಕ್ಕಿದ್ದನೋ, ಅತ್ತಿದ್ದನೋ. ಆಮೇಲೆ ಕೇಳುವೆಯಂತೆ ಎಂದಿದ್ದ. ಅವಳಿಗೆ ಎದ್ದು ಓಡಿಹೋಗಿ ಮೂರೂ ಅಂಕಿಗಳನ್ನು ಒತ್ತಿಬಿಡಬೇಕೆನ್ನಿಸಿತು. ಕಾಲುಗಳನ್ನು ಕುರ್ಚಿಗೆ ಬಿಗಿಯಾಗಿ ಸುತ್ತಿಕೊಂಡು ಕೂತಳು. ದೀಪ ಸದ್ದಿಲ್ಲದೆ ಆರಿತು.

ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಬಲಗೈ ಮೇಜಿನ ಅಂಚನ್ನು ಒಮ್ಮೆ ತಟ್ಟಿತು. ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಬೆನ್ನುಬೆನ್ನಿಗೆ ಎರಡು ಸಲ ತಟ್ಟಿತು.

ಅತ್ತ ಹೋಗುತ್ತಿದ್ದ ರುದ್ರಮುನಿಯವರು ಅವಳ ಕೈಯನ್ನೂ ಒಣಗಿದ ತುಟಿಯನ್ನೂ ನೋಡಿ ನಿಂತರು. ಬಾಯಾರಿರಬೇಕು ಪಾಪ ಎಂದುಕೊಂಡು ಒಂದು ಲೋಟ ನೀರು ತಂದು ಅವಳ ಮುಂದಿಟ್ಟರು.

ನೀಲಾ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ನೀರು ಕುಡಿದಳು.